ಸೋಮವಾರದ ಮಳೆ

ಹವಾಮಾನದ ಕಚೇರಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ನಾನು ಮೊದಲು ಚಹಾ ಕೊಡುತ್ತೇನೆ, ಆಮೇಲೆ ಬೈಯುತ್ತೇನೆ. ಯಾಕೆಂದರೆ ಅವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಮೇಡಂ, ನಿಮ್ಮ ಕಾಲದಲ್ಲಿ ಕಂಪ್ಯೂಟರ್ ಇಲ್ಲದೆ ಹೇಗೆ ಕೆಲಸ ಮಾಡ್ತಿದ್ರಿ?” ಕೈ ಇತ್ತಲ್ಲಪ್ಪಾ, ಕಣ್ಣಿತ್ತು, ತಲೆಯ ಮೇಲೆ ಸಾಠೆ ಸಾಹೇಬರಿದ್ದರು. ಇನ್ನೇನು ಬೇಕು?

ನಾನು ವಿಜಯಪುರದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದೆ, ಮಳೆಯ ಅಂಕಿಗಳ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ, ಅಲ್ಲೇ ಕೂದಲು ಬೆಳ್ಳಗಾದವು. ನಡುವೆ ಯಾವ ವರ್ಷ ಯಾವ ಕುರ್ಚಿ ಸಿಕ್ಕಿತು ಎಂಬುದು ನಿಮಗೆ ಬೇಡ, ನನಗೂ ಸರಿಯಾಗಿ ನೆನಪಿಲ್ಲ. ಕೆಲಸ ಮಾತ್ರ ನೆನಪಿದೆ. ಹಳ್ಳಿಯಲ್ಲೊಂದು ಮಳೆಮಾಪಕ ಇರುತ್ತದೆ. ಮೇಲೆ ಅಗಲ ಬಾಯಿಯ ಆಲಿಕೆ, ಒಳಗೊಂದು ಬಾಟಲಿ. ದಿನಾ ಮುಂಜಾನೆ ಎಂಟೂವರೆಗೆ ಒಬ್ಬರು ಅದನ್ನು ತೆರೆದು, ಬಿದ್ದ ನೀರನ್ನು ಗೆರೆ ಹಾಕಿದ ಗ್ಲಾಸಿಗೆ ಸುರಿದು, ಎಷ್ಟು ಅಂತ ಬರೆದು ನಮಗೆ ಕಳಿಸುತ್ತಾರೆ. ಅವರು ಕಳಿಸಿದ್ದನ್ನು ನಾವು ಕೂಡಿಸಿ ತಿಂಗಳು ಮಾಡುತ್ತೇವೆ, ತಿಂಗಳನ್ನು ಕೂಡಿಸಿ ಮುಂಗಾರು, ಹಿಂಗಾರು, ಬೇಸಿಗೆ ಮಾಡುತ್ತೇವೆ. ಹೀಗೆ ಹತ್ತಾರು ವರ್ಷ ಕೂಡಿಟ್ಟಾಗಲೇ ಒಂದು ಸೀಮೆಯ ಮಳೆಯ ಸ್ವಭಾವ ಸ್ವಲ್ಪ ತಿಳಿಯುವುದು. ನಡುವೆ ಯಾರೋ ಒಬ್ಬ ಸುಳ್ಳು ಅಂಕಿ ತುರುಕಿದರೆ ಎಲ್ಲಾ ಕೆಡುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸಾಠೆ ಸಾಹೇಬರು ನಮ್ಮ ವಿಭಾಗದ ಮುಖ್ಯಸ್ಥರು. ಬಾಯಿ ಜೋರು, ಮನಸ್ಸು ಬೆಣ್ಣೆ. ಮಗಳ ಮದುವೆ ನಿಶ್ಚಯವಾದಾಗ ಅವರು ಪಂಚಾಂಗ ನೋಡಲಿಲ್ಲ, ನಮ್ಮ ಅಂಕಿಗಳನ್ನು ನೋಡಿದರು. ದೀಪಾವಳಿ ಕಳೆದ ಮೇಲಿನ ಒಂದು ದಿನ, ಪುಣೆಯಲ್ಲಿ ಆ ತಾರೀಖಿಗೆ ಮಳೆ ಬಿದ್ದದ್ದೇ ಇಲ್ಲ ಅನ್ನಬೇಕು. ಬಯಲಿನಲ್ಲಿ ಮಂಟಪ ಹಾಕಿಸಿದರು. ಬೀಗರು “ಮೇಲೆ ತಗಡು ಹಾಕಿಸೋಣವೇ” ಅಂದರೆ ಇವರು ನಕ್ಕುಬಿಟ್ಟರು. ಮುಹೂರ್ತಕ್ಕೆ ಸರಿಯಾಗಿ ಧೋ ಅಂತ ಹಿಡಿಯಿತು ನೋಡಿ! ಅಕ್ಷತೆ ಅನ್ನವಾಯಿತು. ನಾವೆಲ್ಲ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ನಿಂತಿದ್ದೆವು. ಸಾಹೇಬರು ತೊಯ್ದ ಪೇಟ ಹಿಂಡುತ್ತಾ ನನ್ನ ಹತ್ತಿರ ಬಂದು ಮರಾಠಿಯಲ್ಲಿ ಪಿಸುಗುಟ್ಟಿದರು, “ಬಾಯಿ, ನಾಳೆ ಎಂಟೂವರೆಗೆ ಇದನ್ನ ಸರಿಯಾಗಿ ಬರಕೋತಾರೋ ಇಲ್ಲೋ ನೋಡಿ.” ಮಗಳ ಮದುವೆ ನೀರುಪಾಲಾದರೂ ಅವರಿಗೆ ಅಂಕಿಯ ಚಿಂತೆ. ಇಂಥವರ ಕೈಕೆಳಗೆ ನಾನು ಕಲಿತದ್ದು.

ಸರಾಸರಿಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಒಮ್ಮೆ ಮೇಲಿನಿಂದ ಬಂದ ಅಧಿಕಾರಿಯೊಬ್ಬರು ಜಿಲ್ಲೆಯ ಸರಾಸರಿ ನೋಡಿ “ಮಳೆ ಸಮಾಧಾನಕರ” ಎಂದು ಬರೆದುಕೊಂಡು ಹೊರಟಿದ್ದರು. ಆ ವಾರ ಲೋಣಾವಳಾದಲ್ಲಿ ಚಿಕ್ಕಿ ಅಂಗಡಿಯವರು ಮೊಣಕಾಲು ನೀರಿನಲ್ಲಿ ನಿಂತು ವ್ಯಾಪಾರ ಮಾಡುತ್ತಿದ್ದರು. ಅದೇ ಜಿಲ್ಲೆಯ ಮೂಡಣ ದಿಕ್ಕಿನಲ್ಲಿ, ರಾಂಜಣಗಾಂವ ದಾಟಿದರೆ, ಧೂಳು ಹಾರುತ್ತಿತ್ತು. ನನಗೆ ತಡೆಯಲಾಗಲಿಲ್ಲ. “ಸಾಹೇಬರೆ, ಒಬ್ಬ ಎರಡು ಊಟ ಉಂಡ, ಪಕ್ಕದವ ಉಪವಾಸ ಕೂತ. ಸರಾಸರಿ ನೋಡಿದರೆ ಇಬ್ಬರೂ ಉಂಡಿದ್ದಾರೆ” ಅಂದೆ. ಅವರು ಮುಖ ಗಂಟಿಕ್ಕಿದರು, ಆದರೆ ಬರೆದದ್ದನ್ನು ಹೊಡೆದು ಹಾಕಿದರು.

ಊರೂರಿನ ಮಾತು ಹೀಗಾದರೆ, ಕಾಲದ್ದೂ ಹೀಗೆಯೇ. ನನ್ನ ತವರಿನ ಎರೆಭೂಮಿಯಂತೆ ಆ ಮೂಡಣ ಸೀಮೆಯದೂ ಹಿಂಗಾರಿ ಜೋಳದ ನೆಲ. ಅಲ್ಲಿ ಉತ್ತರಿ, ಹಸ್ತದ ಮಳೆ ಆಗಬೇಕು, ನೆಲ ನೀರು ಕುಡಿದು ಹದವಾಗಬೇಕು, ಆಮೇಲೆ ಬಿತ್ತಿಗೆ. ನಾನು ಕಂಡಂತೆ ಕೆಲವು ವರ್ಷ ಮಳೆಯ ಮೊತ್ತ ಸರಿಯಿತ್ತು, ಜೋಳ ಇರಲಿಲ್ಲ. ಬರಬೇಕಾದಾಗ ಬಾರದೆ, ಕಾಳು ಕಟ್ಟುವ ಹೊತ್ತಿಗೋ ರಾಶಿಯ ಹೊತ್ತಿಗೋ ಬಂದು ಹೋಗಿತ್ತು. ಮಳೆ ಬಂದು ಕೆಡಲಿಲ್ಲ, ಮಗ ಉಂಡು ಕೆಡಲಿಲ್ಲ ಅಂತ ನಮ್ಮವ್ವ ಅನ್ನುತ್ತಿದ್ದಳು. ಕಣದಲ್ಲಿ ತೆನೆ ಮೊಳಕೆ ಒಡೆದದ್ದನ್ನು ನೋಡಿದ ವರ್ಷ ಅವಳೂ ಆ ಗಾದೆ ಬಿಟ್ಟಳು. ಅದಕ್ಕೇ ವರ್ಷದ ಮೊತ್ತ ಸಾಲದು, ಯಾವ ಕಾಲದ ಮಳೆ ಎತ್ತ ಸರಿಯುತ್ತಿದೆ ಎಂದು ದೀರ್ಘಕಾಲ ನೋಡಬೇಕು.

ಅದನ್ನು ನೋಡಲೆಂದೇ ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಅನುಷಾ ಎಂಬ ಹುಡುಗಿ ಬಂದಳು. ಬೆಂಗಳೂರಿನವಳು, ಸಂಶೋಧನೆ ಮಾಡುತ್ತಿದ್ದಳು. ಅಷ್ಟು ಹೊತ್ತಿಗೆ ಅಂಕಿಗಳನ್ನು ಕಾರ್ಡುಗಳಲ್ಲಿ ಇಡುವ ಕಾಲ ಮುಗಿದು ಎಲ್ಲಾ ಕಂಪ್ಯೂಟರಿಗೆ ಹೋಗಿತ್ತು. ಎಷ್ಟೋ ಕಡೆ ಮನುಷ್ಯರೇ ಬೇಡ, ಯಂತ್ರವೇ ಅಳೆದು ಕಳಿಸುತ್ತಿತ್ತು. ರಾಂಜಣಗಾಂವದ ಆಚೆಯ ಒಂದು ಹಳ್ಳಿಯಲ್ಲಿ ಮಾತ್ರ ಹಳೆಯ ಮಾಪಕ ಉಳಿದಿತ್ತು. ಆ ಒಣ ಪಟ್ಟಿಯಲ್ಲಿ ಅಷ್ಟು ದೀರ್ಘಕಾಲ ಒಂದು ದಿನವೂ ತಪ್ಪದೆ ಅಳೆದ ಕೇಂದ್ರ ಅದೊಂದೇ. ಮೊದಲು ಗುರಪ್ಪ ಎನ್ನುವವರು ನೋಡಿಕೊಳ್ಳುತ್ತಿದ್ದರು, ಅವರು ತೀರಿದ ಮೇಲೆ ಮಗ ಶಿವಾನಂದ.

ಅನುಷಾ ಮಗನ ಕಾಲದ ಅಂಕಿಗಳಿಂದ ಶುರುಮಾಡಿದ್ದಳು. ಒಂದು ದಿನ ಓಡಿಬಂದಳು. “ಮೇಡಂ, ಈ ಸ್ಟೇಷನ್ನಲ್ಲಿ ಬೇಸಿಗೆ ಮಳೆ ಸಖತ್ ಜಾಸ್ತಿ ಇದೆ! ಸುತ್ತಮುತ್ತ ಎಲ್ಲೂ ಇಲ್ಲ. ಇಲ್ಲೇನೋ ಲೋಕಲ್ ಎಫೆಕ್ಟ್ ಇರ್ಬೇಕು.”

ನಾನು ಕನ್ನಡಕ ಏರಿಸಿ ನೋಡಿದೆ. ಸ್ವಲ್ಪ ಸ್ವಲ್ಪ ಮಳೆ, ವಾರಕ್ಕೊಮ್ಮೆ, ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ. ಅದರಲ್ಲೊಂದು ತಾರೀಖು ನನಗೆ ಚೆನ್ನಾಗಿ ನೆನಪಿತ್ತು. ಅವತ್ತು ಪಕ್ಕದ ಮನೆಯ ಸೀಮಂತದಲ್ಲಿ ಪೂರಣಪೋಳಿ ಮಾಡಿದ್ದರು, ನಾನು ಸೋಮವಾರದ ಒಪ್ಪತ್ತು ಅಂತ ಬಾಯಿ ಕಟ್ಟಿಕೊಂಡು ಬಂದಿದ್ದೆ. ಗೋಡೆಯ ಕ್ಯಾಲೆಂಡರ್ ತೆಗೆದು ಉಳಿದ ತಾರೀಖುಗಳನ್ನೂ ನೋಡಿದೆ. ಎಲ್ಲವೂ ಸೋಮವಾರ!

“ಅನುಷಾ, ಮೋಡಕ್ಕೆ ವಾರ ಗೊತ್ತಾಗ್ತದೇನವಾ?” ಅಂದೆ.

ಮುಂದಿನ ಸೋಮವಾರ ಮೊದಲ ಬಸ್ಸು ಹಿಡಿದು ಹೊರಟೆ. ಬೇಸಿಗೆಯ ದಿನ, ಆಕಾಶ ಒಗೆದ ಧೋತರದ ಹಾಗೆ ಬೆಳ್ಳಗಿತ್ತು. ರಾಂಜಣಗಾಂವದಿಂದ ರಿಕ್ಷಾ ಮಾಡಿಕೊಂಡು ಆ ಹಳ್ಳಿ ಮುಟ್ಟಿದಾಗ ಇನ್ನೂ ಎಂಟಾಗಿರಲಿಲ್ಲ. ರಸ್ತೆಗೆ ಕಿರಾಣಿ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದಿನ ಬಯಲಲ್ಲಿ ತಂತಿಬೇಲಿಯೊಳಗೆ ಮಾಪಕ. ನಾನು ಬೇಲಿಯ ಹತ್ತಿರ ಹೋಗಿ ನಿಂತೆ.

ಹಿತ್ತಲ ಬಾಗಿಲು ತೆರೆಯಿತು. ಹಣೆ ತುಂಬ ವಿಭೂತಿ ಹಚ್ಚಿಕೊಂಡ ಮುದುಕಿಯೊಬ್ಬರು, ಒದ್ದೆ ಕೂದಲು, ಕೈಯಲ್ಲಿ ಹಿತ್ತಾಳೆಯ ಗಿಂಡಿ, ನಿಧಾನವಾಗಿ ನಡೆದು ಬಂದರು. ಬೇಲಿಯ ಕೊಂಡಿ ತೆಗೆದರು. ಗಿಂಡಿಯ ನೀರನ್ನು ಮಾಪಕದ ಬಾಯಿಗೆ ಸಣ್ಣಗೆ ಸುರಿದರು.

ನನಗೆ ಗೊತ್ತಿಲ್ಲದೆ ಬಾಯಿಂದ ಕನ್ನಡ ಬಂತು. “ಅಯ್ಯಯ್ಯ! ಇದೇನ ಮಾಡಾಕತ್ತೀರಿ ಆಯಿ?”

ಸಿಕ್ಕಿಬಿದ್ದ ಗಾಬರಿ ಒಂದಿಷ್ಟಾದರೂ ಬೇಡವೇ? ಅವರ ಮುಖ ಅರಳಿಬಿಟ್ಟಿತು. “ಅಯ್ಯ ಶಿವನ! ಕನ್ನಡದಾಕಿ ಏನ ತಂಗಿ ನೀ? ಯಾವೂರಾಕಿ?”

“ವಿಜಾಪುರದಾಕಿರಿ.”

“ನಾ ಇಂಡಿ ತಾಲೂಕಿನಾಕಿ! ಬಾ, ಬಾ, ಒಳಗ ಬಾ. ಈ ಊರಾಗ ಕನ್ನಡ ಮಾತಾಡಿ ಮಾತಾಡಿ ಗ್ವಾಡಿಗೆ ಬ್ಯಾಸರ ಆಗೇದ.”

ಅವರೇ ಗುರಪ್ಪನವರ ಹೆಂಡತಿ ನೀಲವ್ವ. ನಾನು ಯಾರು, ಎಲ್ಲಿಂದ ಬಂದೆ ಎಂದು ಹೇಳುವುದರೊಳಗೆ ಶಿವಾನಂದ ಬಂದ. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಿದ್ದ, ಕಣ್ಣು ಕೆಂಪಗಿದ್ದವು. ಪುಣೆಯ ತರಬೇತಿಯಲ್ಲಿ ನಾನೇ ಅವನಿಗೆ ಪಾಠ ಹೇಳಿದ್ದೆ, ಗುರುತು ಹಿಡಿದು ನಮಸ್ಕಾರ ಮಾಡಿದ. ಎಂಟೂವರೆಯಾದೊಡನೆ ಮಾಪಕ ತೆರೆದು, ನೀರನ್ನು ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಶ್ರದ್ಧೆಯಿಂದ ಬರೆದುಕೊಂಡ.

“ಅಲ್ಲೋ ಶಿವಾ, ಮುಗಿಲ ಕಡೆ ಒಮ್ಮೆ ನೋಡಿದೇನು?”

“ನಾ ರಾತ್ರಿ ತಗಡಿನ ಶೆಡ್ಡಿನಾಗ ಇರ್ತೀನ್ರಿ ಮ್ಯಾಡಮ್. ಇಲ್ಲಿ ಬಂದಿತ್ತೋ ಇಲ್ಲೋ ನನಗೇನ ಗೊತ್ತ್ರಿ? ನೀವ ಹೇಳಿದ್ರಲ್ಲ, ಗ್ಲಾಸಿನಾಗ ಇದ್ದದ್ದು ಬರೀರಿ, ಮನಸಿನಾಗ ಇದ್ದದ್ದು ಬರೀಬ್ಯಾಡ್ರಿ ಅಂತ.”

ಹೇಳಿದ್ದೆ, ಹೌದು. ಸುಳ್ಳು ಬರೆಯಬಾರದು ಎಂದು ಹೇಳಿದ ಮಾತು ಅದು. ಹುಡುಗ ಅಕ್ಷರಶಃ ಪಾಲಿಸಿದ್ದ. ನಾನು ನಗಲೋ ಅಳಲೋ ತಿಳಿಯದೆ ಅವನನ್ನು ಮಲಗಲು ಕಳಿಸಿದೆ.

ಒಲೆಯ ಮುಂದೆ ಕುಳಿತು ಆಯಿಯನ್ನು ಕೇಳಿದೆ, “ಪೂಜೀ ನೀರು ಅದಕ್ಕ ಯಾಕ ಹಾಕ್ತೀರಿ? ಅದು ದೇವರಲ್ಲ.”

“ದೇವರಲ್ಲ ಅಂತ ನನಗ ಗೊತ್ತಿಲ್ಲೇನು? ದೇವರಿಗೆ ಅಂತ ಹಾಕೇ ಇಲ್ಲ ನಾ.” ಚಹಾ ಸೋಸುತ್ತಾ ನಕ್ಕರು. “ಅವರ ಸಲುವಾಗಿ ಹಾಕ್ತಿದ್ದೆ.”

ಆಮೇಲೆ ಹೇಳಿದರು. ಗುರಪ್ಪನವರು ಅಂಗಡಿ ಇಟ್ಟುಕೊಂಡಿದ್ದರು. ಮುಂಜಾನೆ ಮಾಪಕ ನೋಡಿ ಬಂದು ಅಂಗಡಿಯಲ್ಲಿ ಕೂತರೆ, ಉಪ್ಪು ಎಣ್ಣೆಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಮಳೆ ಎಷ್ಟಾಯಿತು ಅಂತ. ಒಣ ವರ್ಷಗಳಲ್ಲಿ ಅವರು ದಿನಾ ಇಲ್ಲ, ಇಲ್ಲ ಅನ್ನಬೇಕಾಗುತ್ತಿತ್ತು.

“ತಾವ ಮಳೀ ಮುಚ್ಚಿಟ್ಟವರಂಗ ಸಣ್ಣ ಮಾರಿ ಮಾಡ್ಕೋತಿದ್ರು ತಂಗಿ. ಗಂಗಾಳದ ಮುಂದ ಕೂತ್ರ ತುತ್ತ ಇಳೀತಿರಲಿಲ್ಲ. ನನಗ ನೋಡಾಕ ಆಗಲಿಲ್ಲ. ಒಂದ ಸೋಮವಾರ ಲಿಂಗಪೂಜಿ ಮಾಡಿದ ನೀರ ಉಳದಿತ್ತು. ಒಯ್ದು ಅದರಾಗ ಹಾಕಿದೆ. ಒಂದ ದಿನ ಆದ್ರೂ ಖಾಲಿ ಇರೂದ ಬ್ಯಾಡ ಅಂತ.”

“ಅವರು ಏನಂದ್ರು?”

“ನಕ್ಕೋತ ಒಳಗ ಬಂದ್ರು! ‘ಕೇಳಿದೇನ, ಎರಡ ಹನಿ ಬಿದ್ದಾವ ನೋಡ’ ಅಂದ್ರು. ಅವತ್ತ ಎರಡ ರೊಟ್ಟಿ ಹೆಚ್ಚ ಉಂಡ್ರು. ಅಲ್ಲಿಂದ ಮುಗಿಲ ಒಣಾ ಇದ್ದ ಸೋಮವಾರ ತಪ್ಪಸಿಲ್ಲ. ಅವರು ಹೋದ ಮ್ಯಾಲೂ ಕೈ ನಿಲ್ಲಲಿಲ್ಲ.”

ಮಗನ ಕಾಲದ್ದಷ್ಟೇ ಅಲ್ಲ, ಅಪ್ಪನ ಕಾಲದಿಂದಲೂ! ಅಂದರೆ ಇಡೀ ಕೇಂದ್ರದ ಲೆಕ್ಕ ನೀರಿನಲ್ಲಿ ಹೋಯಿತೇನು? ಸುಮ್ಮನಿರಬೇಕಿತ್ತು, ಆದರೆ ನನ್ನ ಮುಖವೇ ಹೇಳಿಬಿಟ್ಟಿತು ಅಂತ ಕಾಣುತ್ತದೆ.

“ಯಾಕ ತಂಗಿ? ಏನಾತು?”

ಹೇಳಿದೆ. ಆ ನೀರು ಮಳೆಯೆಂದು ಪುಣೆಯಲ್ಲಿ ದಾಖಲಾಗುತ್ತದೆ, ಎಷ್ಟೋ ವರ್ಷದ ಮಳೆಯ ಜೊತೆ ಕೂಡುತ್ತದೆ ಅಂತ. ಅವರಿಗೆ ಇದು ಹೊಳೆದೇ ಇರಲಿಲ್ಲ. ಗಂಡ ನಗಬೇಕಿತ್ತು, ನಕ್ಕಿದ್ದರು, ಅಷ್ಟೇ. ಕೈಯಲ್ಲಿದ್ದ ಬಟ್ಟಲನ್ನು ನೆಲಕ್ಕಿಟ್ಟರು.

“ಹಂಗಾದ್ರ ಅವರು ಬರದದ್ದೆಲ್ಲಾ ಸುಳ್ಳಾತೇನು?”

ಒಲೆಯ ಕಡೆ ತಿರುಗಿ ಆಯಿಯೇ ಮುಂದುವರಿಸಿದರು.

“ಊರ ಹಿರ್ಯಾರು ಒಮ್ಮೆ ಬಂದಿದ್ರು. ಮಳೀ ಸ್ವಲ್ಪ ಕಡಿಮಿ ಬರೀರಿ, ಊರಿಗೆ ಪರಿಹಾರ ಸಿಗ್ತದ ಅಂದ್ರು. ಇವರು ಕೈ ಮುಗದು, ಒಂದ ಹನಿ ಹೆಚ್ಚೂ ಬರಿಯಂಗಿಲ್ಲ, ಕಡಿಮೀನೂ ಬರಿಯಂಗಿಲ್ಲ ಅಂದ್ರು. ಎಷ್ಟೋ ದಿನ ಮಂದಿ ಅಂಗಡಿಗೆ ಬರಲಿಲ್ಲ. ಅಂಥಾ ಮನಿಶ್ಯಾ ತಂಗಿ. ಅಂಥವರ ಕೈಲೆ ನಾ ಸುಳ್ಳ ಬರೆಸಿದೆನೇನು?” ಗಲ್ಲದ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ.

ಇಲ್ಲ ಆಯಿ ಅನ್ನಲು ನನಗೆಷ್ಟು ಆಸೆಯಿತ್ತು! ಆದರೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೇಳಿ ಸಮಾಧಾನ ಮಾಡಿದರೆ, ಗುರಪ್ಪನವರ ಮನೆಯಲ್ಲಿ ಕೂತು ನಾನೇ ಸುಳ್ಳು ಹೇಳಿದಂತಾಗುತ್ತಿತ್ತು. “ಹಳೇ ಲೆಕ್ಕ ನಾ ಇನ್ನೂ ನೋಡಿಲ್ಲ. ನೋಡಿ ಬಂದು ಹೇಳ್ತೀನಿ” ಅಂದೆ.

ಬಾಗಿಲವರೆಗೆ ಬಂದು ನನ್ನ ಕೈ ಹಿಡಿದರು. “ಸುಳ್ಳಾಗಿದ್ರೂ ಹೇಳ ತಂಗಿ. ಮುಚ್ಚಿಡಬ್ಯಾಡ.”

ಪುಣೆಗೆ ಮರಳಿ ಅನುಷಾಗೆ ಎಲ್ಲಾ ಹೇಳಿದೆ. ಅವಳು ಕಣ್ಣರಳಿಸಿ ಕೇಳಿದಳು, ಆಮೇಲೆ ತನ್ನ ಕೆಲಸ ನೆನಪಾಯಿತು. “ಪಾಪ ಅನ್ಸತ್ತೆ ಮೇಡಂ. ಆದ್ರೆ ರಿಸ್ಕ್ ಬೇಡ, ಈ ಸ್ಟೇಷನ್ನೇ ಬಿಟ್ಬಿಡೋಣ.”

ನನಗೆ ಸಿಟ್ಟು ನೆತ್ತಿಗೇರಿತು. “ಬಿಡೋದು ಸುಲಭ ಇದೆಯಮ್ಮಾ. ಆ ಸೀಮೆಯಲ್ಲಿ ಇನ್ನೊಂದು ಇಂಥದ್ದು ತೋರಿಸು, ಬಿಡ್ತೀನಿ. ಒಬ್ಬ ಮನುಷ್ಯ ಜೀವಮಾನವೆಲ್ಲ ಅಳೆದದ್ದು, ಒಮ್ಮೆ ನೋಡದೇ ಬಿಸಾಡ್ತೀಯಾ?” ಅವಳು ಪಿಟ್ಟೆನ್ನದೆ ಗುರಪ್ಪನವರ ಕಾಲದ ಅಂಕಿಗಳನ್ನು ತರಿಸಿದಳು. ವಾರದ ಪ್ರಕಾರ ಬೇರೆ ಬೇರೆ ಮಾಡು ಅಂದೆ. ಮಾಡಿದಳು. ಪರದೆಯ ಮೇಲೆ ಬೇಸಿಗೆಯ ಸೋಮವಾರಗಳು ಒಂದರ ಕೆಳಗೊಂದು ಬಂದವು. ನಾನು ಬೆರಳಿಟ್ಟು ಒಂದೊಂದೇ ನೋಡಿದೆ.

ಸೊನ್ನೆ. ಅದರ ಕೆಳಗೆ ಸೊನ್ನೆ. ಅದರ ಕೆಳಗೂ ಸೊನ್ನೆ. ನಡುವೆ ಎಲ್ಲೋ ಒಮ್ಮೆ ಮಳೆ ಇದ್ದರೆ ಅವತ್ತು ಸುತ್ತಲಿನ ಊರುಗಳಲ್ಲೂ ಮಳೆಯಿತ್ತು. ಉಳಿದಂತೆ, ಗುರಪ್ಪನವರು ಬದುಕಿದ್ದಷ್ಟು ಕಾಲ, ಒಣ ಸೋಮವಾರಗಳೆಲ್ಲ ಒಣಗಿಯೇ ಇದ್ದವು. ಸೋಮವಾರದ ಮಳೆ ಶುರುವಾದದ್ದು ಅವರು ತೀರಿಹೋದ ಮೇಲೆ.

ಅನುಷಾ ಮೆಲ್ಲಗೆ, “ಮೇಡಂ, ಅವರಿಗೆ ಗೊತ್ತಿತ್ತು ಅಲ್ವಾ?” ಅಂದಳು. ಹೌದೆಂದು ತಲೆಯಾಡಿಸಿದೆ.

ಮಗನ ಕಾಲದ ಸೋಮವಾರಗಳನ್ನು ನೆರೆಯ ಊರುಗಳ ಜೊತೆ ತಾಳೆ ನೋಡಿ ಬೇರ್ಪಡಿಸಲು ನಮಗೆ ಕೆಲವು ವಾರ ಹಿಡಿಯಿತು. ಅದು ಬೇಸರದ ಕೆಲಸ, ಅನುಷಾ ಒಮ್ಮೆಯೂ ಗೊಣಗಲಿಲ್ಲ. ಕೇಂದ್ರ ಉಳಿಯಿತು. ಅವಳು ನೋಡಬೇಕೆಂದಿದ್ದ ಹಿಂಗಾರು ಮಳೆಯ ಏರಿಳಿತವೆಲ್ಲ ಗುರಪ್ಪನವರ ಅಂಕಿಗಳಲ್ಲೇ ಸ್ಪಷ್ಟವಾಗಿ ಸಿಕ್ಕಿತು. ಹೊಸಬರಿಗೆ ನಾನು ಈಗ ಹೇಳುವುದು ಇಷ್ಟು: ಗ್ಲಾಸು ನೋಡಿ, ಆದರೆ ಗ್ಲಾಸಿನಿಂದ ಕಣ್ಣೆತ್ತಿ ಮುಗಿಲನ್ನೂ ನೋಡಿ, ಎರಡೂ ಒಪ್ಪದಿದ್ದರೆ ಬರೆಯುವ ಮುಂಚೆ ಮನೆಯವರನ್ನು ಕೇಳಿ.

ಆದರೆ ಇದನ್ನೆಲ್ಲ ಆಮೇಲೆ ಮಾಡಿದೆವು. ಸೊನ್ನೆಗಳನ್ನು ನೋಡಿದ ಮರುದಿನವೇ ಅನುಷಾಳನ್ನು ಕರೆದುಕೊಂಡು ಆ ಹಳ್ಳಿಗೆ ಹೋಗಿದ್ದೆ. ನೀಲವ್ವ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ಕಂಡೊಡನೆ ನನ್ನ ಮುಖವನ್ನೇ ನೋಡಿದರು.

“ಅವರು ಒಂದ ಹನೀನೂ ಸುಳ್ಳ ಬರದಿಲ್ಲ ಆಯಿ” ಅಂದೆ.

ಅವರಿಗೆ ನಂಬಿಕೆ ಬರಲಿಲ್ಲ. “ನನ್ನ ಸಮಾಧಾನಕ್ಕ ಅಂತಿ.”

“ಇಲ್ಲ. ನಾವಿಬ್ಬರೂ ಕೂತು ನೋಡೀವಿ. ಮುಗಿಲ ಒಣಾ ಇದ್ದ ಸೋಮವಾರ ಎಲ್ಲಾ ಸೊನ್ನೀನ ಬರದಾರ. ನೀವು ಹಾಕಿದ ನೀರು ಅವರು ಲೆಕ್ಕಕ್ಕ ಹಿಡದೇ ಇಲ್ಲ.”

“ಸೊನ್ನಿ ಬರದಾರ?” ಹುಬ್ಬು ಗಂಟಿಕ್ಕಿದರು. “ಮತ್ತ ನನಗ ಎರಡ ಹನಿ ಬಿದ್ದಾವ ಅಂತ ಹೇಳ್ತಿದ್ರಲ್ಲ?”

“ಆಫೀಸಿಗೆ ಖರೇ ಬರದಾರ. ಸುಳ್ಳು ನಿಮಗೊಬ್ಬರಿಗೇ ಹೇಳ್ಯಾರ.”

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡು ನಾನು ಹತ್ತಿರ ಹೋದೆ. ಭುಜ ಕುಣಿಯುತ್ತಿದ್ದವು, ಅಳುವೂ ಇತ್ತು, ನಗುವೂ ಇತ್ತು. “ಕಳ್ಳ! ಎಂಥಾ ಕಳ್ಳ ಅಂತೀನಿ! ಇಷ್ಟ ವರ್ಷ ನಾನ ಅವರಿಗೆ ಮೋಸ ಮಾಡೀನಿ ಅನಕೊಂಡಿದ್ದೆನಲ್ಲ ತಂಗಿ. ಒಂದ ದಿನ ಗೊತ್ತಾಗಗೊಡಲಿಲ್ಲ ನೋಡ.”

ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, ಹೊಸ ಮದುವಣಗಿತ್ತಿಯ ಹಾಗೆ ನಾಚಿಕೊಂಡು, ಬಹಳ ಸಣ್ಣ ದನಿಯಲ್ಲಿ ಕೇಳಿದರು.

“ಹಂಗಾದ್ರ ಅವರು ಸೋಮವಾರ ನಗತಿದ್ದದ್ದು ಮಳೀ ಬಂತಂತ ಅಲ್ಲೇನು?”

“ಅಲ್ಲ ಆಯಿ” ಅಂದೆ. “ನಿಮ್ಮ ಸಲುವಾಗಿ.”

ಅನುಷಾ ಮುಖ ಆಚೆ ತಿರುಗಿಸಿ ಮೂಗೊರೆಸಿಕೊಳ್ಳುತ್ತಿದ್ದಳು. ಆಯಿ ಎದ್ದು ನಮ್ಮಿಬ್ಬರನ್ನೂ ಒಳಗೆ ಕರೆದೊಯ್ದು, ಒಲೆ ಹೊತ್ತಿಸಿ, ಬಿಸಿಬಿಸಿ ಜೋಳದ ರೊಟ್ಟಿ ಬಡಿದು ಬಡಿದು ಹಾಕಿದರು, ಒಂದೊಂದು ರೊಟ್ಟಿಗೂ “ಕಳ್ಳ ಮನಿಶ್ಯಾ, ಕಳ್ಳ ಮನಿಶ್ಯಾ” ಅನ್ನುತ್ತಾ.